ಪ್ರೇಕ್ಷಕನಿಗೆ ಮುಖವಾಡವೇಕೆ?

ಪ್ರಶ್ನೆ: ಬ್ರಿಟನ್ನಿನ ನಿರ್ದೇಶಕ ಫೆಲಿಕ್ಸ್ ಬ್ಯಾರೆಟ್ ಅವರ ನಾಟಕಗಳಲ್ಲಿ ಪ್ರೇಕ್ಷಕರಿಗೆ ಆಸನವೇ ಇರುವುದಿಲ್ಲ, ಅವರೆಲ್ಲ ಮುಖವಾಡ ತೊಟ್ಟು ಕಟ್ಟಡದ ತುಂಬ ಅಲೆಯುತ್ತಾರೆ ಎಂದು ಓದಿದೆ. ಇದರಲ್ಲಿ ಹೊಸತೇನಿದೆ? ಮುಖವಾಡ ಏತಕ್ಕೆ?

ಉತ್ತರ: ಆಸನದ ಸಾಲುಗಳನ್ನು ಒಡೆದವರಲ್ಲಿ ಬ್ಯಾರೆಟ್ ಮೊದಲಿಗರಲ್ಲ. ಪೋಲೆಂಡಿನ ನಿರ್ದೇಶಕ ಗ್ರೊಟೊವ್‌ಸ್ಕಿ 1963ರಲ್ಲೇ, ಸೈತಾನನಿಗೆ ಆತ್ಮ ಮಾರಿಕೊಂಡ ಡಾಕ್ಟರ್ ಫಾಸ್ಟಸ್‌ನ ಕಥೆಯನ್ನು ಆಡಿಸುವಾಗ ಪ್ರೇಕ್ಷಕರನ್ನು ಅವನ ಊಟದ ಮೇಜಿನ ಅತಿಥಿಗಳಾಗಿ ಕೂರಿಸಿದ್ದರು. 1968ರಲ್ಲಿ ಅಮೆರಿಕದ ನಿರ್ದೇಶಕ ರಿಚರ್ಡ್ ಶೆಕ್ನರ್ ನ್ಯೂಯಾರ್ಕಿನ ಒಂದು ಗ್ಯಾರೇಜಿನಲ್ಲಿ ನಟರನ್ನೂ ನೋಡುಗರನ್ನೂ ಬೆರೆಸಿದರು; ಬಂಗಾಳದ ನಾಟಕಕಾರ ಬಾದಲ್ ಸರ್ಕಾರ್ ವೇದಿಕೆಯನ್ನೇ ತೊರೆದು ಅಂಗಳಕ್ಕಿಳಿದರು. ಆದರೆ ನಟ ಹತ್ತಿರ ಬಂದಷ್ಟೂ ನೋಡುಗನಿಗೆ ತನ್ನನ್ನು ಯಾರೋ ಗಮನಿಸುತ್ತಿದ್ದಾರೆಂಬ ಸಂಕೋಚ ಹೆಚ್ಚುತ್ತದೆ. 2000ರಲ್ಲಿ ‘ಪಂಚ್‌ಡ್ರಂಕ್’ ತಂಡವನ್ನು ಕಟ್ಟಿದ ಬ್ಯಾರೆಟ್ ಆ ಸಂಕೋಚಕ್ಕೆ ಕಂಡುಕೊಂಡ ಉಪಾಯವೇ ಮುಖವಾಡ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಹಸ ಇಲ್ಲಿದೆ.

ಅವರು ನೃತ್ಯ ಸಂಯೋಜಕಿ ಮ್ಯಾಕ್ಸೀನ್ ಡಾಯ್ಲ್ ಜೊತೆಗೂಡಿ ನಿರ್ದೇಶಿಸಿದ ‘ಸ್ಲೀಪ್ ನೋ ಮೋರ್’ ಪ್ರಯೋಗವನ್ನೇ ನೋಡಿ. ಲಂಡನ್ನಿನಲ್ಲಿ 2003ರಲ್ಲಿ ಹುಟ್ಟಿದ ಇದು 2011ರಿಂದ 2025ರ ಆರಂಭದವರೆಗೆ ನ್ಯೂಯಾರ್ಕಿನಲ್ಲಿ ನಡೆಯಿತು. ಎಂದೂ ಹೋಟೆಲಾಗಿರದ ಹಳೆಯ ಗೋದಾಮುಗಳಿಗೆ ಹೋಟೆಲಿನ ವೇಷ ಹಾಕಿ, ಅದರ ಅಂತಸ್ತುಗಳಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ ಕಥೆಯನ್ನು ಹೆಚ್ಚುಕಡಿಮೆ ಮಾತೇ ಇಲ್ಲದೆ, ಬಹುಪಾಲು ನೃತ್ಯದಲ್ಲಿ, ಹಂಚಿಹಾಕಿದ್ದರು. ಬಿಳಿ ಮುಖವಾಡ ತೊಟ್ಟ ನೋಡುಗ ಮಾತನಾಡುವಂತಿಲ್ಲ. ಉಳಿದಂತೆ ಮೇಜಿನ ಖಾನೆ ಎಳೆಯಬಹುದು, ಅದರೊಳಗಿನ ಕಾಗದ ಓದಬಹುದು, ರಕ್ತ ತೊಳೆದುಕೊಳ್ಳುತ್ತಿರುವ ಪಾತ್ರದ ಪಕ್ಕದಲ್ಲೇ ನಿಲ್ಲಬಹುದು, ಬೇಸರವಾದರೆ ಇನ್ನೊಂದು ಪಾತ್ರದ ಬೆನ್ನು ಹತ್ತಬಹುದು. ಸುಮಾರು ಒಂದು ಗಂಟೆಯ ಘಟನಾವಳಿ ಮತ್ತೆ ಮತ್ತೆ ಮೊದಲಿನಿಂದ ನಡೆಯುತ್ತಿದ್ದುದರಿಂದ ಒಮ್ಮೆ ತಪ್ಪಿದ ದೃಶ್ಯ ಇನ್ನೊಮ್ಮೆ ಸಿಗುವ ಸಾಧ್ಯತೆ ಇತ್ತು.

ಈ ಸ್ವಾತಂತ್ರ್ಯವೂ ನಿರ್ದೇಶಕರು ಅಳೆದು ಕೊಟ್ಟದ್ದೇ. ಯಾವ ಮೂಲೆಗೆ ಬೆಳಕು ಬೀಳಬೇಕು, ಯಾವ ಸದ್ದು ಮೆಟ್ಟಿಲಿನತ್ತ ಸೆಳೆಯಬೇಕು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರುತ್ತದೆ. ಹೋಗಬಾರದ ಕಡೆ ಕಪ್ಪು ಮುಖವಾಡದ ಸಿಬ್ಬಂದಿ ಅಡ್ಡ ನಿಂತಿರುತ್ತಾರೆ. ಕೊನೆಗೆ ಚದುರಿದ ಪಾತ್ರಗಳೆಲ್ಲ ಔತಣದ ಉದ್ದನೆಯ ಮೇಜಿನತ್ತ ಸಾಗುವಾಗ ಬೆನ್ನು ಹತ್ತಿದವರೂ ತಾವಾಗಿಯೇ ಅಲ್ಲಿ ಸೇರಿ ಮ್ಯಾಕ್‌ಬೆತ್ ನೇಣಿಗೇರುವುದನ್ನು ನೋಡುತ್ತಾರೆ.

ಪ್ರಶ್ನೆ: ಹಾಗಿದ್ದರೆ ಇದರಿಂದ ರಂಗಭೂಮಿಗೆ ನಷ್ಟವೇನೂ ಇಲ್ಲವೇ?

ಉತ್ತರ: ಇದೆ. ಸಭೆಯೊಂದು ಒಟ್ಟಿಗೆ ನಕ್ಕು, ಒಟ್ಟಿಗೆ ಉಸಿರು ಬಿಗಿಹಿಡಿಯುವ ಸುಖ ಇಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ, ಏಕೆಂದರೆ ಜೊತೆಗೆ ಬಂದವರೂ ಬೇರೆ ಬೇರೆ ನಾಟಕ ನೋಡಿ ಮನೆಗೆ ಮರಳುತ್ತಾರೆ. ಅದಕ್ಕಿಂತ ಗಂಭೀರವಾದದ್ದು ಅಜ್ಞಾತತನದ ದುರುಪಯೋಗ: ಮುಖವಾಡದ ಮರೆಯಲ್ಲಿ ಕೆಲವು ಪ್ರೇಕ್ಷಕರು ತಮ್ಮ ಮೈಮುಟ್ಟಿದರೆಂದು ನ್ಯೂಯಾರ್ಕಿನ ಪ್ರಯೋಗದ ಕಲಾವಿದರು ಹೇಳಿಕೊಂಡ ವರದಿಗಳು 2018ರಲ್ಲಿ ಪ್ರಕಟವಾದವು. ಪ್ರೇಕ್ಷಕನ ಅಂಜಿಕೆಯನ್ನು ಕಳಚುವ ನಿರ್ದೇಶಕರು ನಟರ ರಕ್ಷಣೆಯನ್ನೂ ರಂಗವಿನ್ಯಾಸದ ಭಾಗವಾಗಿಯೇ ಯೋಚಿಸಬೇಕಾಗುತ್ತದೆ.

ಪ್ರಶ್ನೆ: ಇಂಥ ನಾಟಕಕ್ಕೆ ಹೋಗುವ ಮುನ್ನ ಮೂಲ ಕೃತಿಯನ್ನು ಓದಿರಬೇಕೇ?

ಉತ್ತರ: ಕಥೆಯ ಸಾರಾಂಶ ತಿಳಿದಿದ್ದರೆ ಸಾಕು. ಎಲ್ಲ ಕೋಣೆಗಳನ್ನೂ ನೋಡಿಬಿಡುವ ಹಟ ಬೇಡ. ಒಂದು ಪಾತ್ರವನ್ನು ಆರಿಸಿಕೊಂಡು, ಅದು ಕೋಣೆಯಲ್ಲಿ ಒಂಟಿಯಾಗಿ ಸುಮ್ಮನೆ ಕುಳಿತಾಗಲೂ ಬಿಡದೆ ಜೊತೆಗಿರಿ.