ಜೀನು ಇಲ್ದೆ ಕುದುರೆ ಓಡಿಸೋಕೆ ಮಜವಾಗಿರೋ ಎಕ್ಸರ್‌ಸೈಜ್ ಯಾವುದಿದೆ?

ಮೊದಲು ಹೆಲ್ಮೆಟ್ ಹಾಕ್ಕೊಳ್ಳಿ, ಮರಳು ಹಾಸಿರೋ ರಿಂಗ್, ಶಾಂತ ಸ್ವಭಾವದ ಕುದುರೆ, ಹಗ್ಗ ಹಿಡ್ಕೊಳ್ಳೋಕೆ ಒಬ್ರು ಇರ್ಬೇಕು, ಇದ್ರಲ್ಲಿ ರಾಜಿ ಬೇಡ.

ನಡಿಗೆಯಲ್ಲೇ ಶುರು ಮಾಡಿ. ಎರಡೂ ಕೈ ವಿಮಾನದ ರೆಕ್ಕೆ ತರ ಚಾಚಿ ಸೊಂಟದಿಂದ ಆ ಕಡೆ ಈ ಕಡೆ ತಿರುಗೋದು, ಬಲಗೈಲಿ ಎಡಗಾಲಿನ ಬೆರಳು ಮುಟ್ಟೋದು, ಆಮೇಲೆ ಕಣ್ಣು ಮುಚ್ಕೊಂಡು ಈಗ ಯಾವ ಹಿಂಗಾಲು ನೆಲಕ್ಕೆ ಬಿತ್ತು ಅಂತ ಹೇಳೋದು, ಸರಿನಾ ತಪ್ಪಾ ಅಂತ ಕೆಳಗಿರೋರು ಹೇಳ್ತಾರೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಜೀನು ಮಧ್ಯ ಇಲ್ದಿದ್ರೆ ಕುದುರೆ ಬೆನ್ನಿನ ಪ್ರತಿ ಅಲುಗಾಟನೂ ನಿಮ್ಮ ಸೊಂಟಕ್ಕೆ ನೇರವಾಗಿ ಗೊತ್ತಾಗುತ್ತೆ.

ಗುಂಪಲ್ಲಿದ್ರೆ ಅಮೆರಿಕದ ಹಾರ್ಸ್ ಶೋಗಳಲ್ಲಿ ಆಡೋ ನೋಟಿನ ಆಟ ಆಡಿ: ತೊಡೆ ಕೆಳಗೆ ಒಂದು ಡಾಲರ್ ನೋಟು (ನಮ್ಗೆ ಹತ್ತು ರೂಪಾಯಿ ಸಾಕು) ಇಟ್ಕೊಂಡು ನಡಿಗೆ, ಟ್ರಾಟ್ (ಕುಲುಕು ಓಟ), ಕ್ಯಾಂಟರ್ (ಅದಕ್ಕಿಂತ ಜೋರಾದ ನೆಗೆತದ ಓಟ) ಮಾಡ್ಬೇಕು, ಕೊನೇವರೆಗೂ ಬೀಳಿಸ್ದೆ ಇದ್ದೋರಿಗೆ ಎಲ್ರ ನೋಟೂ.

ಕುದುರೆ ನಿಂತಿರುವಾಗ, ಹಗ್ಗ ಒಬ್ರ ಕೈಲಿದ್ದಾಗ ಮಾತ್ರ, ಒಂದೊಂದೇ ಕಾಲು ದಾಟಿಸ್ತಾ ಬೆನ್ನ ಮೇಲೇ ಪೂರ್ತಿ ಒಂದು ಸುತ್ತು ತಿರುಗಿ ಕೂತ್ಕೊಳ್ಳಿ.

ಬೀಳ್ತೀನಿ ಅನ್ನಿಸಿದಾಗ ಮೀನಖಂಡದಿಂದ ಗಟ್ಟಿಯಾಗಿ ಒತ್ತಬೇಡಿ, ಅದನ್ನ ಕುದುರೆ ಜೋರಾಗಿ ಹೋಗು ಅಂತ ಅರ್ಥ ಮಾಡ್ಕೊಳ್ಳುತ್ತೆ, ಬದಲಿಗೆ ಕತ್ತಿನ ಕೂದಲು ಹಿಡ್ಕೊಳ್ಳಿ. ಜೀನು ಇಲ್ದಾಗ ನಿಮ್ಮ ಭಾರ ಹರಡದೆ ಚಿಕ್ಕ ಜಾಗದ ಮೇಲೇ ಬೀಳೋದ್ರಿಂದ ಕುದುರೆ ಬೆನ್ನು ನೋಯಬಹುದು, 15-20 ನಿಮಿಷ ಸಾಕು, ಬೆನ್ನೆಲುಬು ಎದ್ದು ಕಾಣೋ ಕುದುರೆ ಆದ್ರೆ ದಪ್ಪ ಪ್ಯಾಡ್ ಹಾಕಿ.