ನಾಮಕರಣದ ಫೋಟೋದಲ್ಲಿ ಅಜ್ಜ-ಅಜ್ಜಿ, ಬಂಧು-ಬಳಗ ಎಲ್ಲರೂ ಇರಲೇಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮುಂದಿನ ತಿಂಗಳು ಮಗಳ ನಾಮಕರಣ. ನಿಮಗೆ ಅಪ್ಪ, ಅಮ್ಮ, ಮಗು ಮೂವರದ್ದೇ ಚೆಂದದ ಫೋಟೋ ಬೇಕು. ಅತ್ತೆಯವರಿಗೆ ಇಡೀ ಬಳಗ ಒಟ್ಟಿಗೆ ನಿಲ್ಲಬೇಕು. ಅಷ್ಟು ಜನ ನಿಂತರೆ ಯಾರ ಮುಖವೂ ಸರಿಯಾಗಿ ಕಾಣಲ್ಲ ಅನ್ನೋದು ನಿಮ್ಮ ಚಿಂತೆ. ನಾನು ಹಾಸನದ ಕಡೆ ಇಪ್ಪತ್ತೆರಡು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣದ ಫೋಟೋ ತೆಗೆಯುತ್ತಾ ಬಂದವನು. ಮೂವರ ಫೋಟೋ ಖಂಡಿತ ತೆಗೆಸಿ. ಬಳಗದ್ದನ್ನು ಮಾತ್ರ ಬಿಡಬೇಡಿ.

ಸ್ಟುಡಿಯೋ ಬಾಗಿಲು ತೆಗೆಯೋ ಹೊತ್ತಿಗೇ ಕೆಲವರು ಬಂದು ನಿಂತಿರುತ್ತಾರೆ, ಕೈಯಲ್ಲಿ ಆಧಾರ್ ಕಾರ್ಡು. ರಾತ್ರಿ ಅಜ್ಜಿ ತೀರಿಕೊಂಡಿರುತ್ತಾರೆ. ಶ್ರದ್ಧಾಂಜಲಿ ಫ್ಲೆಕ್ಸಿಗೆ, ಹನ್ನೊಂದನೇ ದಿನ ಹಾರ ಹಾಕೋದಕ್ಕೆ ಒಂದು ಫೋಟೋ ಬೇಕು, ಮನೆಯಲ್ಲಿ ಬೇರೆ ಯಾವುದೂ ಇಲ್ಲ. ಆ ಹೆಬ್ಬೆರಳುಗುರಿನಷ್ಟು ಚಿತ್ರವನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಕಣ್ಣೆರಡೂ ಮಸಿಬೊಟ್ಟಿನ ಹಾಗಾಗುತ್ತವೆ. ಎಷ್ಟು ತಿದ್ದಿದರೂ ಅದು ಅವರ ಮುಖ ಆಗಲ್ಲ. ಅದೇ ಮನೆಯ ಫೋನುಗಳಲ್ಲಿ ಸಾವಿರಾರು ಫೋಟೋ ಇರುತ್ತವೆ, ಅಜ್ಜಿಯದು ಮಾತ್ರ ಇರಲ್ಲ.

ನಮ್ಮಪ್ಪನ ಯಾಶಿಕಾ ಕ್ಯಾಮೆರಾದಲ್ಲಿ 120 ಅನ್ನೋ ಸೈಜಿನ ಒಂದು ಫಿಲ್ಮ್ ರೋಲಿಗೆ 12 ಫೋಟೋ ಅಷ್ಟೇ ಬರುತ್ತಿದ್ದದ್ದು. ರೋಲಿಗೆ ದುಡ್ಡು ಕೊಟ್ಟವರು ಮೊದಲು ಎಲ್ಲರನ್ನೂ ಕೂಡಿಸಿ ಒಂದು ತೆಗೆಸಿ, ಆಮೇಲೆ ಉಳಿದದ್ದು ಅನ್ನುತ್ತಿದ್ದರು. ಅದಕ್ಕೇ ಹಳೇ ಮನೆಗಳ ಪಡಸಾಲೆ ಗೋಡೆ ಮೇಲೆ ಮುತ್ತಜ್ಜನಿಂದ ಹಿಡಿದು ತೊಡೆ ಮೇಲಿನ ಕೂಸಿನ ತನಕ ಎಲ್ಲರೂ ಸಿಗುತ್ತಾರೆ.

ಎಲ್ಲರೂ ಅಂದೆ, ಅದು ಪೂರ್ತಿ ನಿಜ ಅಲ್ಲ. ನನ್ನ ತಂಗಿ ಮದುವೆಯ ಫೋಟೋ ನಾನೇ ತೆಗೆದೆ. ಅಜ್ಜ ಹೋಗಿ ಆಗ ಮೂರು ವರ್ಷ ಆಗಿತ್ತು. ಗುಂಪು ಫೋಟೋಗೆ ಅಜ್ಜಿಯನ್ನು ಕರೆದೆ. "ಶುಭ ಕಾರ್ಯದಲ್ಲಿ ನಾನ್ಯಾಕಪ್ಪಾ, ನೀವು ನಿಂತ್ಕೊಳ್ಳಿ" ಅಂದರು. ಗಡಿಬಿಡಿಯಲ್ಲಿ ನಾನೂ ಇನ್ನೊಂದು ಮಾತು ಆಡಲಿಲ್ಲ. ಆಲ್ಬಂ ಮಾಡುವಾಗ ನೋಡಿದರೆ, ಎಲ್ಲರ ಹಿಂದೆ ಕೋಣೆ ಬಾಗಿಲ ಚೌಕಟ್ಟು ಹಿಡಿದುಕೊಂಡ ಒಂದು ಕೈ ಕಾಣುತ್ತಿತ್ತು, ಬಳೆ ಇಲ್ಲದ ಕೈ. ಆ ಮದುವೆಯಲ್ಲಿ ನಮ್ಮಜ್ಜಿಯ ಫೋಟೋ ಅಂತ ಇರೋದು ಅದೊಂದೇ. ಈಗ ಅವರಿಲ್ಲ.

ಆವತ್ತಿನಿಂದ ಯಾವ ಮನೆಗೆ ಹೋದರೂ ಮೊದಲು ಯಾರು "ನಾನ್ಯಾಕೆ" ಅಂತಾರೆ ಅಂತ ನೋಡುತ್ತೇನೆ. ಗಂಡನನ್ನು ಕಳೆದುಕೊಂಡ ಅಜ್ಜಿ, ಮದುವೆಯಾಗದ ಸೋದರತ್ತೆ, ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತಾ ಉಳಿದ ಚಿಕ್ಕಮ್ಮ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತೆ ಅನ್ನೋ ಹಿರಿಯರೂ ಇದ್ದಾರೆ, ಅಂಥವರನ್ನು ಬಲವಂತ ಮಾಡಬಾರದು. ಆದರೆ ಹಿಂದೆ ಸರಿದು ನಿಂತ ಅಜ್ಜಿಯ ಮಡಿಲಿಗೆ ನೀವೇ ಹೋಗಿ ಮಗುವನ್ನು ಹಾಕಿ. ಸೊಸೆಯೋ ಮೊಮ್ಮಗಳೋ ಕೈಹಿಡಿದು ಕರೆದರೆ ಬರುತ್ತಾರೆ. ಫೋಟೋಗ್ರಾಫರ್ ಕರೆದರೆ ಬರಲ್ಲ.

ಇನ್ನು ಮುಖ ಕಾಣೋ ವಿಷಯ. ಊಟಕ್ಕೆ ಮೊದಲೇ ಗುಂಪು ಫೋಟೋ ಮುಗಿಸಿ, ಎಲೆ ಹಾಕಿದ ಮೇಲೆ ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಅಂಗಳದಲ್ಲಿ ನಿಲ್ಲಿಸಬೇಡಿ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತೆ. ಜಗಲಿ ನೆರಳು, ಮರದ ನೆರಳು ಒಳ್ಳೆಯದು. ಅಜ್ಜ-ಅಜ್ಜಿಯರಿಗೆ ನಡುವೆ ಬೆನ್ನು ಇರೋ ಕುರ್ಚಿ, ಮಕ್ಕಳು ನೆಲದ ಮೇಲೆ ಚಾಪೆಯಲ್ಲಿ, ಮಿಕ್ಕವರು ಹಿಂದೆ. ಹಿರಿಯರನ್ನು ಕೊನೆಗೆ ಕೂರಿಸಿ, ಇಲ್ಲದಿದ್ದರೆ ಎಲ್ಲರೂ ಸೇರೋ ತನಕ ಸುಸ್ತಾಗುತ್ತಾರೆ. ಕನ್ನಡಕ ಮಿಂಚಿದರೆ ಗದ್ದ ಸ್ವಲ್ಪ ಇಳಿಸೋದಕ್ಕೆ ಹೇಳಿದರೆ ಸಾಕು. ಫೋನಿನಲ್ಲಿ ತೆಗೆಯೋದಾದರೆ ಹೆಚ್ಚು ಅಗಲ ಹಿಡಿಯೋ 0.5 ಅನ್ನೋದನ್ನು ಒತ್ತಬೇಡಿ, ಅಂಚಿನಲ್ಲಿ ನಿಂತವರ ಮುಖ ಎಳೆದ ಹಾಗಾಗುತ್ತೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ. ಒಂದೇ ಸಲಕ್ಕೆ ಎಂಟು ಹತ್ತು ಕ್ಲಿಕ್ ಮಾಡಬೇಕು, ಮೂವತ್ತು ಜನರಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚೇ ಮುಚ್ಚಿರುತ್ತಾರೆ.

ಆಮೇಲೆ ದೊಡ್ಡ ಗುಂಪಿನಿಂದ ಚಿಕ್ಕದಕ್ಕೆ ಬನ್ನಿ. ಬಳಗ, ಗಂಡನ ಕಡೆಯವರು, ನಿಮ್ಮ ತವರಿನವರು, ಎರಡೂ ಕಡೆಯ ಅಜ್ಜ-ಅಜ್ಜಿಯರ ಜೊತೆ ಮಗು, ಕೊನೆಗೆ ನೀವು ಮೂವರು. ಯಾರನ್ನೂ ಹೊರಗಿಟ್ಟ ಹಾಗಾಗಲ್ಲ, ನಿಮ್ಮ ಫೋಟೋಗೂ ಗಲಾಟೆ ಇಲ್ಲದ ಸಮಯ ಸಿಗುತ್ತೆ. ಬಳಗದ್ದನ್ನು 12x18 ಇಂಚಿಗಿಂತ ಚಿಕ್ಕದಾಗಿ ಪ್ರಿಂಟ್ ಹಾಕಿಸಬೇಡಿ. ಯಾರು ಯಾರ ಪಕ್ಕ, ಮಗುವಿಗೆ ಏನಾಗಬೇಕು ಅಂತ ಸಾಲು ಸಾಲಾಗಿ ಒಂದು ಹಾಳೆಯಲ್ಲಿ ಬರೆದು ಫ್ರೇಮಿನ ಹಿಂದೆ ಅಂಟಿಸಿ. ಅತ್ತೆಯವರನ್ನೇ ಕೇಳಿ ಬರೆಯಿರಿ, ನಿಮಗೆ ಗೊತ್ತಿಲ್ಲದ ನಾಲ್ಕು ಹೆಸರು ಅವರಿಗೆ ಗೊತ್ತಿರುತ್ತವೆ.

ಒಂದು ಆಸೆ ಹೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಮಗುವಿಗೆ ಅಜ್ಜಿಯೇ ನೀರು ಎರೆಯೋದಾದರೆ, ಫೋಟೋಗ್ರಾಫರ್‌ಗೆ ಆವತ್ತು ಒಂದು ಗಂಟೆ ಮುಂಚೆ ಬರೋದಕ್ಕೆ ಹೇಳಿ. ಅಜ್ಜಿಯ ಒಪ್ಪಿಗೆ ಕೇಳಿ, ಬಚ್ಚಲ ಬಾಗಿಲಲ್ಲಿ ನಿಂತು, ಫ್ಲ್ಯಾಶ್ ಇಲ್ಲದೆ ತೆಗೆಯಲಿ. ಚಾಚಿದ ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು, ಒಂದು ಕೈಯಲ್ಲಿ ಚೊಂಬು, ಕಣ್ಣಿಗೆ ನೀರು ಬೀಳದ ಹಾಗೆ ಹಣೆಗೆ ಅಡ್ಡ ಹಿಡಿದ ಇನ್ನೊಂದು ಕೈ.