ಹದಿನೇಳು ಮರಗಳ ಲೆಕ್ಕ

ನಮಸ್ಕಾರ.

ಕಾಗದ ಮತ್ತು ಉಷ್ಣವಲಯದ ಕಾಡಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಹಿಡಿತದಲ್ಲಿದೆ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪೀಟ್ ಜೌಗಿನಲ್ಲಿ (ಅರೆಕೊಳೆತ ಗಿಡಮರ ತುಂಬಿದ ಕೆಸರುನೆಲದಲ್ಲಿ) ಕಾಲುವೆ ತೋಡಿ ನೀರು ಬಸಿಯುವ ಭಾಗ ಚೆನ್ನಾಗಿದೆ. ಆದರೆ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾ ಓದಿ ಸಿಟ್ಟು ಬಂತು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

“ಒಂದು ಟನ್ ಕಾಗದಕ್ಕೆ 17 ಮರ ಬಲಿ” ಎಂದು ಶುರು ಮಾಡಿದ್ದೀರಿ. ಯಾವ ಕಾಗದ? ಯಾವ ಮರ? ನಾನು ಸಂಪಾದನೆ ಕಲಿತದ್ದು ಒಬ್ಬ ಹಿರಿಯರ ಕೈಕೆಳಗೆ. ಅಂಕಿ ಕಂಡಲ್ಲೆಲ್ಲ ಅವರು ಅಂಚಿನಲ್ಲಿ “ಯಾವುದರದ್ದು?” ಎಂದು ಬರೆಯುತ್ತಿದ್ದರು. ಉತ್ತರ ಬಾರದಿದ್ದರೆ ಅಂಕಿ ಹೋಗುತ್ತಿತ್ತು, ಕೆಲವೊಮ್ಮೆ ಇಡೀ ಪ್ಯಾರಾ.

ಲೆಕ್ಕ ಹಾಕಿ ನೋಡೋಣ. ಚದರ ಮೀಟರಿಗೆ 80 ಗ್ರಾಂ ತೂಗುವ ಎ4 ಹಾಳೆ 5 ಗ್ರಾಂ. 500 ಹಾಳೆಯ ರೀಮ್ ಎರಡೂವರೆ ಕಿಲೋ. ಟನ್ನಿಗೆ 400 ರೀಮ್. ಅದರಲ್ಲಿ ಐದನೇ ಒಂದು ಭಾಗದಷ್ಟು ಸುಣ್ಣದಕಲ್ಲಿನ ಪುಡಿ, ಒಂದಿಷ್ಟು ತೇವ. ನಾರು ಸುಮಾರು 750 ಕಿಲೋ. ಬರೆಯುವ ಕಾಗದಕ್ಕೆ ಮರವನ್ನು ರಾಸಾಯನಿಕದಲ್ಲಿ ಬೇಯಿಸಿ ನಾರುಗಳನ್ನು ಅಂಟಿಸಿಟ್ಟ ಲಿಗ್ನಿನ್ ತೆಗೆಯುತ್ತಾರೆ, ಹಾಗಾಗಿ ಒಣ ಮರದ ತೂಕದಲ್ಲಿ ಅರ್ಧದಷ್ಟೇ ಪಲ್ಪ್ (ನಾರಿನ ಮುದ್ದೆ) ಆಗಿ ಉಳಿಯುತ್ತದೆ. ಒಂದೂವರೆ ಟನ್ ಒಣ ಮರ ಬೇಕಾಯಿತು, ಅಂದರೆ ಸುಮಾರು 3 ಘನ ಮೀಟರ್. ಮರವನ್ನು ಅರೆದು ಮಾಡುವ ನ್ಯೂಸ್‌ಪ್ರಿಂಟಿನಲ್ಲಿ ನೂರಕ್ಕೆ 90ರ ಮೇಲೆ ಪಲ್ಪ್ ಸಿಗುವುದರಿಂದ ಅಷ್ಟೇ ನಾರಿಗೆ ಬೇಕಾದ ಮರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಈಗ ಮರ ಎಣಿಸಿ. ಏಳು ವರ್ಷದ ನೆಡುತೋಪಿನ ನೀಲಗಿರಿಯಾದರೆ ಆ 3 ಘನ ಮೀಟರಿಗೆ ಹತ್ತು-ಹದಿನೈದು ಮರ ಬೇಕು. ಮಳೆಕಾಡಿನ ಹೆಮ್ಮರವಾದರೆ ಒಂದೇ ಸಾಕಾದೀತು! ನಿಮ್ಮ ಎಣಿಕೆಯಲ್ಲಿ ಮಳೆಕಾಡಿನ ಕಾಗದವೇ ಹೆಚ್ಚು ಒಳ್ಳೆಯದು ಎಂದಾಯಿತಲ್ಲ?

ಎರಡನೇ ವಾಕ್ಯ: “ಅಮೆಜಾನ್ ನಮ್ಮ ನೋಟ್‌ಬುಕ್ಕುಗಳಾಗಿ ಕರಗುತ್ತಿದೆ.” ಅಮೆಜಾನ್ ಕಾಡು ಕಡಿಯುವುದು ಮುಖ್ಯವಾಗಿ ದನದ ಹುಲ್ಲುಗಾವಲಿಗೆ. ಬ್ರೆಜಿಲ್‌ನ ಪಲ್ಪ್ ಬಹುಪಾಲು ಬರುವುದು ಬಾಹಿಯಾ, ಸಾವೊ ಪಾಲೊ, ಮಾಟೊ ಗ್ರೊಸೊ ಡೊ ಸುಲ್ ಕಡೆಯ ನೀಲಗಿರಿ ತೋಪುಗಳಿಂದ. ಅವುಗಳ ಮೇಲೆ ದೂರುಗಳಿಲ್ಲವೆಂದಲ್ಲ, ಅವು ಬೇರೆ ದೂರುಗಳು. ಕಾಗದ ನೇರವಾಗಿ ಮಳೆಕಾಡು ತಿಂದದ್ದು ನೀವೇ ಚೆನ್ನಾಗಿ ಬರೆದ ಸುಮಾತ್ರಾದಲ್ಲಿ. ಅಲ್ಲಿ ತೋಪು ಬೆಳೆದು ನಿಲ್ಲುವ ಮೊದಲೇ ದೈತ್ಯ ಗಿರಣಿಗಳು ಎದ್ದವು, ಅವುಗಳ ಹೊಟ್ಟೆಗೆ ಕಾಡಿನ ಮಿಶ್ರ ಮರ ಹೋಯಿತು. ಅಲ್ಲಿನ ಎರಡು ದೊಡ್ಡ ಕಂಪನಿಗಳು ಇನ್ನು ನೈಸರ್ಗಿಕ ಕಾಡು ಕಡಿಯುವುದಿಲ್ಲವೆಂದು ಘೋಷಿಸಿದ್ದು 2013 ಮತ್ತು 2015ರಲ್ಲಿ. ಈ ಕಾರಣ-ಪರಿಣಾಮ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನು ಕೊನೆಯ ಪ್ಯಾರಾ. “ಎಫ್‌ಎಸ್‌ಸಿ ಮುದ್ರೆ ನೋಡಿ ಕೊಂಡರೆ ಸಾಕು.” ಯಾವ ಮುದ್ರೆ? ಎಫ್‌ಎಸ್‌ಸಿ ಎಂದರೆ ಕಾಡಿನ ನಿರ್ವಹಣೆಯನ್ನು ಪ್ರಮಾಣೀಕರಿಸುವ ಅಂತಾರಾಷ್ಟ್ರೀಯ ಸಂಸ್ಥೆ. ಅದರ ಮುದ್ರೆಯಲ್ಲಿ ಮೂರು ಬಗೆ: ನೂರು ಪ್ರತಿಶತ, ಮಿಕ್ಸ್, ರೀಸೈಕಲ್ಡ್. ಅಂಗಡಿಯಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ಮಿಕ್ಸ್‌ನಲ್ಲಿ ಪ್ರಮಾಣೀಕೃತ ಕಾಡಿನ ನಾರಿನ ಜೊತೆ ‘ಕಂಟ್ರೋಲ್ಡ್ ವುಡ್’ ಬೆರೆಯಬಹುದು. ಅದು ಪ್ರಮಾಣೀಕೃತ ಕಾಡಿನದ್ದಲ್ಲ. ಅಕ್ರಮ ಕಡಿತ, ಕಾಡನ್ನು ತೋಪಾಗಿಸುವುದು ಮೊದಲಾದ ಐದು ಬಗೆಯ ಅಪಾಯಗಳನ್ನು ಜರಡಿ ಹಿಡಿದದ್ದು, ಅಷ್ಟೆ. ಕ್ರೆಡಿಟ್ ಪದ್ಧತಿಯಲ್ಲಂತೂ ಲೆಕ್ಕ ನಡೆಯುವುದು ಗಿರಣಿಯ ಖಾತೆಯಲ್ಲಿ: ಕೊಂಡ ಪ್ರಮಾಣೀಕೃತ ನಾರಿಗೆ ತಕ್ಕಷ್ಟು ಕಾಗದಕ್ಕೆ ಮುದ್ರೆ. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಪ್ರಮಾಣೀಕೃತ ನಾರು ಒಂದೆಳೆಯೂ ಇರಬೇಕೆಂದಿಲ್ಲ.

ಓದುಗರಿಗೆ ಉಪಯೋಗವಾಗುವುದು ಇದು: ಮುದ್ರೆಯ ಬಳಿ ‘ಸಿ’ ಅಕ್ಷರದ ನಂತರ ಆರು ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ, ಪ್ರಮಾಣಪತ್ರ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ, ಅದರ ವ್ಯಾಪ್ತಿಯಲ್ಲಿ ಕಾಗದ ಇದೆಯೋ ನೋಡಬೇಕು. ಸಗಟಾಗಿ ಕೊಳ್ಳುವವರು ಬಿಲ್ಲನ್ನೂ ನೋಡಬೇಕು: ಮಾರಿದವರ ಪ್ರಮಾಣಪತ್ರದ ಸಂಖ್ಯೆ ಮತ್ತು ‘ಮಿಕ್ಸ್ 70’ ಅಥವಾ ‘ಮಿಕ್ಸ್ ಕ್ರೆಡಿಟ್’ ಎಂಬ ಒಕ್ಕಣೆ ಅದರಲ್ಲೇ ಇರಬೇಕು. ನಡುವಿನ ಒಬ್ಬ ವ್ಯಾಪಾರಿಗೆ ಪ್ರಮಾಣಪತ್ರವಿಲ್ಲದೆ ಆತ ರೀಮ್ ಬಿಚ್ಚಿ ಬೇರೆ ಪೊಟ್ಟಣ ಕಟ್ಟಿದರೆ ಸರಪಳಿ ಅಲ್ಲಿಗೇ ತುಂಡು.

ಇನ್ನೂ ಅನುಮಾನವಿದ್ದರೆ ಪ್ರಯೋಗಾಲಯವಿದೆ. ಹಾಳೆಯ ಚೂರನ್ನು ತೆಳು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ತೊಳೆದು, ಕುಲುಕಿ ನಾರು ಬಿಡಿಸುತ್ತಾರೆ. ಅಯೋಡಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೀರು ಸಾಗಿಸುವ ನಾಳಕೋಶಗಳ ಆಕಾರ ನೋಡುತ್ತಾರೆ. ನೀಲಗಿರಿ, ಅಕೇಶಿಯ ಮಾತ್ರ ಕಂಡರೆ ತೋಪಿನ ಮರ ಎನ್ನಬಹುದು. ಹಲವು ಜಾತಿಯ ಕೋಶಗಳು ಕಲೆತಿದ್ದರೆ ಉಷ್ಣವಲಯದ ನೈಸರ್ಗಿಕ ಕಾಡಿನ ಅನುಮಾನ ಬಲವಾಗುತ್ತದೆ. ರೀಸೈಕಲ್ಡ್ ಕಾಗದದಲ್ಲಿ ಹಳೆಯ ನಾರು ಬೆರೆತಿರುವುದರಿಂದ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅಕೇಶಿಯ ನಿಂತ ನೆಲ ಯಾವಾಗ ಕಾಡಾಗಿತ್ತು ಎಂಬುದೂ ಇದರಿಂದ ತಿಳಿಯದು. ಅದಕ್ಕೇ ಯುರೋಪಿಯನ್ ಒಕ್ಕೂಟದ 2023ರ ಕಾನೂನು ಮರ ಕಡಿದ ಜಾಗದ ಅಕ್ಷಾಂಶ-ರೇಖಾಂಶ ಕೇಳುತ್ತದೆ. 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ನಾಶವಾಗಿರಬಾರದು. ಅದರ ಜಾರಿ ಮಾತ್ರ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ.

ಮೊದಲ ಪ್ಯಾರಾ ಕಿತ್ತುಹಾಕಿ, ಕಾಲುವೆಗಳಿಂದಲೇ ಶುರು ಮಾಡಿ. ಕೊನೆಯಲ್ಲಿ ಯಾವುದಾದರೂ ಒಂದು ರೀಮಿನ ಸಂಖ್ಯೆ ಹುಡುಕಿ, ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ.

— ಸಂಪಾದಕ